ಬಿಸಿಲಿನ ಎಂಟಿಬಿ ರೇಸಿಗೆ ಎರಡು ಬಾಟಲಿ ಸಾಕಾ?

ಏಪ್ರಿಲ್‌ನಲ್ಲಿ ಚಿಕ್ಕಬಳ್ಳಾಪುರದ ಕಡೆ 40 ಕಿ.ಮೀ. ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡ-ಮಣ್ಣಿನ ದಾರಿಯ ಸೈಕಲ್) ರೇಸ್, ಎರಡು ಬಾಟಲಿ ನೀರು ಸಾಕಾ ಎಂದು ಕೇಳಿದ್ದೀರಿ. ಸಾಲದು ಸರ್.

ಆ ಕಡೆಯೇ ಒಂದು ಬೇಸಿಗೆಯಲ್ಲಿ ನಾನೂ ಎರಡೇ ಬಾಟಲಿ ನಂಬಿ ಹೋಗಿದ್ದೆ. ಆರೂವರೆಗೆ ಸ್ಟಾರ್ಟ್ ಎಂದಿದ್ದರು. ಬಿಬ್ ನಂಬರ್ (ರೇಸಿನವರಿಗೆ ಕೊಡುವ ನಂಬರ್ ಚೀಟಿ) ಹಂಚುವುದರಲ್ಲೇ ಎಂಟು ದಾಟಿತು. ಕೆಟ್ಟಿದ್ದು ಅಲ್ಲೇ ನೋಡಿ, ತಂಪು ಹೊತ್ತೆಲ್ಲ ಸುಮ್ನೆ ಕ್ಯೂನಲ್ಲಿ ಹೋಯಿತು. ಇದ್ದ ಒಂದೇ ಒಂದು ವಾಟರ್ ಪಾಯಿಂಟ್‌ನಲ್ಲಿ ನಾನು ತಲುಪುವಷ್ಟರಲ್ಲಿ ಕ್ಯಾನ್ ಖಾಲಿ. ಮುಂದೆ ದಾರಿಗೆ ಕಟ್ಟಿದ್ದ ರಿಬ್ಬನ್ನೂ ಮಾಯ (ಮೇಕೆ ತಿಂದವೋ ಏನೋ). ನಾಲ್ಕೈದು ಜನ ನೇರವಾಗಿ ಯಾರದೋ ದ್ರಾಕ್ಷಿ ತೋಟಕ್ಕೆ ನುಗ್ಗಿದೆವು. ತೋಟದ ಅಜ್ಜಿ ಮೊದಲು ಚೆನ್ನಾಗಿ ಬೈದರು, ಆಮೇಲೆ ಮಜ್ಜಿಗೆ ಕೊಟ್ಟರು.

ಬಿಸಿಲಲ್ಲಿ ಜೋರಾಗಿ ತುಳಿದರೆ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ಮಾತಲ್ಲ. 2 ಲೀಟರಿನ ಹೈಡ್ರೇಶನ್ ಬ್ಯಾಗ್ (ಬೆನ್ನಿಗೆ ಹಾಕಿಕೊಂಡು ಪೈಪಿನಿಂದ ಕುಡಿಯುವ ನೀರಿನ ಚೀಲ) ಹಾಕಿಕೊಳ್ಳಿ, ಜೊತೆಗೆ ಒಂದು ಬಾಟಲಿಯಲ್ಲಿ ಓಆರ್‌ಎಸ್. ಒಂದು ಲೀಟರಿಗೆ ಎಂದು ಬರೆದ ಪ್ಯಾಕೆಟ್ಟನ್ನು ಅರ್ಧ ಲೀಟರಿಗೆ ಸುರಿಯಬೇಡಿ. ಬರೀ ನೀರನ್ನೇ ಜಾಸ್ತಿ ಕುಡಿದರೂ ಕಷ್ಟ, ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಬಿಸಿಲಲ್ಲೂ ಚಳಿ ಚಳಿ ಅನ್ನಿಸಿದರೆ, ಮಾತು ತೊದಲಿದರೆ ಅಲ್ಲೇ ಇಳಿದು ನೆರಳಿಗೆ ಹೋಗಿ, ಮೈಮೇಲೆ ನೀರು ಸುರಿದುಕೊಂಡು ಸಹಾಯಕ್ಕೆ ಕೂಗಿ. ಮೆಡಲ್ ಮುಂದಿನ ವರ್ಷವೂ ಸಿಗುತ್ತದೆ, ಅಲ್ವಾ?

ದುಡ್ಡು ಕಟ್ಟುವ ಮೊದಲೇ ಆಯೋಜಕರನ್ನು ಕೇಳಿ: ಎಷ್ಟು ಕಡೆ ನೀರು, ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ, ಜಿಪಿಎಕ್ಸ್ ಫೈಲ್ (ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್ ಫೈಲ್) ಕೊಡುತ್ತಾರಾ. ಹಾಂ, ಜಾಲಿ ಮುಳ್ಳಿನ ಜಾಗ ಅದು, ಎರಡು ಟ್ಯೂಬ್ ಇಟ್ಟುಕೊಳ್ಳಿ.