ದುರ್ವಾಸನೆ ಮರದ ತೊಗಟೆಯನ್ನು ಕಷಾಯ ಮಾಡಬಹುದೇ, ಮಾರಬಹುದೇ?

ಸಿದ್ದಾಪುರದ ಕಡೆಯ ನಿಮ್ಮ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ದುರ್ವಾಸನೆ ಮರಗಳಿವೆಯೆಂದೂ, ಅದರ ತೊಗಟೆ ಮತ್ತು ಬೇರಿಗೆ ಬೆಲೆ ಕಟ್ಟಲು ಯಾರೋ ಬಂದಿದ್ದರೆಂದೂ ಬರೆದಿದ್ದೀರಿ. ಅದು ಕ್ಯಾನ್ಸರಿಗೆ ಮದ್ದಾದರೆ ಮನೆಯಲ್ಲೇ ಕಷಾಯ ಮಾಡಿ ಕೊಡಬಾರದೇಕೆ, ಇಷ್ಟು ವರ್ಷ ಸಂಶೋಧನೆ ನಡೆಸಿದವರು ಕಾಡಿನ ಪಕ್ಕದ ಜನರಿಗೆ ಕೊಟ್ಟದ್ದೇನು ಎಂದು ಕೇಳಿದ್ದೀರಿ. ಕಷಾಯದ ಮಾತು ಕಾಯುವಂಥದ್ದಲ್ಲವಾದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ. ದಯವಿಟ್ಟು ಯಾರಿಗೂ ಕೊಡಬೇಡಿ, ನೀವೂ ಕುಡಿಯಬೇಡಿ.

ನಾನು ವೈದ್ಯನಲ್ಲ. ಸಸ್ಯಶಾಸ್ತ್ರ ಓದುವಾಗಲೂ, ಆಮೇಲೆ ಕೆಲವು ವರ್ಷ ಕ್ಷೇತ್ರ ಸಹಾಯಕನಾಗಿಯೂ ಮಲೆನಾಡಿನ ಕಾನುಗಳೆಂಬ ನಿತ್ಯಹಸಿರು ಕಾಡುಗಳಲ್ಲಿ ಈ ಮರವನ್ನು ಹುಡುಕಿ, ಸುತ್ತಳತೆ ತೆಗೆದು, ತೊಗಟೆಯ ಮಾದರಿ ಕಟ್ಟಿಕೊಂಡು ಬಂದವನು. ನೋಟಕ್ಕೆ ಅದು ಏನೂ ಅಲ್ಲದ ಮರ. ಎರಡಾಳೆತ್ತರದ ಕಾಂಡ, ಕೊಂಬೆಯ ತುದಿಯಲ್ಲಿ ಗುಂಪುಗೂಡಿದ ಎಲೆ, ಹಣ್ಣಾದಾಗ ನೇರಳೆ ಬಣ್ಣಕ್ಕೆ ತಿರುಗುವ ಕಾಯಿ. ಹೆಸರಿಗೆ ಕಾರಣ ಅದರ ಹೂವು. ಮಳೆಗಾಲದಲ್ಲಿ ಹೂ ಬಿಟ್ಟ ಮರದ ಕೆಳಗೆ ನಿಂತರೆ, ಹತ್ತಿರದಲ್ಲೇ ಯಾವುದೋ ಪ್ರಾಣಿ ಸತ್ತು ಬಿದ್ದಿದೆಯೇನೋ ಎಂದು ಹೊಸಬರು ಸುತ್ತಮುತ್ತ ಹುಡುಕುವುದುಂಟು. ಮೊದಲ ದಿನ ನಾನೂ ಹುಡುಕಿದ್ದೆ. ಮರಾಠಿಯವರು ಇದನ್ನು ನರಕ್ಯಾ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ನೊಥಾಪೊಡೈಟಿಸ್ ನಿಮ್ಮೋನಿಯಾನಾ. ಹಳೆಯ ಪುಸ್ತಕಗಳಲ್ಲಿ ಮ್ಯಾಪಿಯಾ ಫೀಟಿಡಾ ಎಂದೂ ಇದೆ.

ಕ್ಯಾನ್ಸರ್ ಮದ್ದಿಗೆ ಮೂಲವಾದ, ಈ ಮರದೊಳಗಿನ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿನ ಕತೆ ನಮ್ಮ ಕಾಡಿನಲ್ಲಿ ಆರಂಭವಾದದ್ದಲ್ಲ, ಯಾವ ನಾಟಿ ವೈದ್ಯರ ಗುಟ್ಟಿನಿಂದಲೂ ಹೊರಬಂದದ್ದಲ್ಲ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಮನ್ರೋ ವಾಲ್ ಎಂಬ ರಸಾಯನಶಾಸ್ತ್ರಜ್ಞರು ಕಾರ್ಟಿಸೋನ್ ಎಂಬ ಔಷಧಿಯ ತಯಾರಿಕೆಗೆ ಕಚ್ಚಾವಸ್ತು ಹುಡುಕುತ್ತಾ ಸಾವಿರಾರು ಗಿಡಗಳ ಸಾರ ತೆಗೆದಿಟ್ಟಿದ್ದರು. ಅವುಗಳಲ್ಲಿ ಕೆಲವನ್ನು ಕ್ಯಾನ್ಸರ್ ಪರೀಕ್ಷೆಗೆ ಕಳಿಸಿದಾಗ ಚೀನಾ ಮೂಲದ ಕ್ಯಾಂಪ್ಟೊಥಿಕಾ ಮರದ ಸಾರ ಎದ್ದು ಕಂಡಿತು. ಆಮೇಲೆ ಅವರು ಉತ್ತರ ಕೆರೊಲಿನಾದ ಸಂಶೋಧನಾ ಸಂಸ್ಥೆಯಲ್ಲಿ ಮನ್ಸುಖ್ ವಾಣಿಯವರ ಜೊತೆ ಸೇರಿ 1966ರಲ್ಲಿ ಆ ವಸ್ತುವಿನ ರಚನೆಯನ್ನು ಪ್ರಕಟಿಸಿದರು. ವಾಣಿಯವರು ಮಹಾರಾಷ್ಟ್ರದ ನಂದುರಬಾರದವರು, ಮುಂಬಯಿಯಲ್ಲಿ ಓದಿದವರು. ಅದೇ ವಸ್ತು ನಮ್ಮ ಘಟ್ಟದ ಮರದಲ್ಲೂ ಇದೆಯೆಂದು 1972ರಲ್ಲಿ ತೋರಿಸಿದವರು ಮುಂಬಯಿಯ ಸಿಬಾ ಸಂಶೋಧನಾ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್. ಚೀನಾದ ಮರಕ್ಕೂ ನಮ್ಮದಕ್ಕೂ ಹತ್ತಿರದ ನೆಂಟಸ್ತನವಿಲ್ಲ. ಆದರೂ ಇಬ್ಬರ ಮನೆಯಲ್ಲೂ ಒಂದೇ ಅಡುಗೆ.

ಇಷ್ಟು ವಿವರ ಕೊಟ್ಟದ್ದಕ್ಕೆ ಕಾರಣವಿದೆ. ಪ್ರತಿಯೊಂದು ಆಧುನಿಕ ಔಷಧಿಯ ಹಿಂದೆಯೂ ಅಜ್ಜಿಮದ್ದೊಂದು ಇದ್ದೇ ಇರುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸರ್ಪಗಂಧದ ವಿಷಯದಲ್ಲಿ ಅದು ನಿಜ. ಆ ಬೇರನ್ನು ನಮ್ಮ ವೈದ್ಯರು ತಲೆಮಾರುಗಳಿಂದ ಕೊಡುತ್ತಿದ್ದರು; ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ ಪತ್ರಿಕೆಯಲ್ಲಿ ಬರೆದರು, 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಎಂಬ ಔಷಧಿ ಬೇರ್ಪಟ್ಟಿತು. ದುರ್ವಾಸನೆ ಮರದ ಕತೆ ಹಾಗಲ್ಲ. ನಾನು ಮಾತನಾಡಿಸಿದ ಹಿರಿಯ ನಾಟಿ ವೈದ್ಯರೊಬ್ಬರು, ‘ಅದನ್ನು ದನವೂ ಮೂಸುವುದಿಲ್ಲ, ನಾವೇಕೆ ಮುಟ್ಟೋಣ’ ಎಂದಿದ್ದರು. ಅವರ ಆ ಮಾತಿನಲ್ಲಿ ಪ್ರಯೋಗಾಲಯಕ್ಕಿಂತ ಕಡಿಮೆ ವಿವೇಕವೇನೂ ಇರಲಿಲ್ಲ.

ಕಷಾಯ ಏಕೆ ಬೇಡವೆಂದರೆ, ಈ ವಸ್ತು ಕೆಲಸ ಮಾಡುವ ಬಗೆಯೇ ಅಂಥದ್ದು. ನಮ್ಮ ಜೀವಕೋಶದಲ್ಲಿರುವ ಡಿಎನ್‌ಎಯನ್ನು ಎರಡೆಳೆಯ ಹುರಿಹಗ್ಗವೆಂದು ಭಾವಿಸಿ. ಕೋಶ ವಿಭಜನೆಯಾಗುವ ಮೊದಲು ಅದು ಪ್ರತಿಯಾಗಬೇಕು, ಪ್ರತಿಯಾಗಲು ಹುರಿ ಬಿಚ್ಚಬೇಕು, ಬಿಚ್ಚುತ್ತ ಹೋದಂತೆ ಮುಂದಿನ ಭಾಗದಲ್ಲಿ ಹುರಿ ಬಿಗಿಯುತ್ತದೆ. ಆಗ ಟೋಪೊಐಸೋಮರೇಸ್ ಎಂಬ ಕಿಣ್ವವೊಂದು ಒಂದು ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಅದನ್ನು ಕೂಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಿದ ಜಾಗದಲ್ಲಿ ಬೆಣೆಯಂತೆ ಕೂತು, ಕೂಡಿಸುವ ಕೆಲಸವನ್ನು ತಡೆಯುತ್ತದೆ. ಪ್ರತಿ ಮಾಡುವ ಯಂತ್ರ ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಎರಡೂ ಎಳೆ ತುಂಡಾಗಿ ಕೋಶ ಸಾಯುತ್ತದೆ. ಬೇಗ ಬೇಗ ವಿಭಜನೆಯಾಗುವ ಕ್ಯಾನ್ಸರ್ ಕೋಶಕ್ಕೆ ಇದು ಮಾರಕ. ಆದರೆ ಅಸ್ಥಿಮಜ್ಜೆಯ ಕೋಶಗಳೂ ಕರುಳಿನ ಒಳಪದರದ ಕೋಶಗಳೂ ಬೇಗ ಬೇಗನೆ ವಿಭಜನೆಯಾಗುವಂಥವೇ, ಮತ್ತು ಬೆಣೆಗೆ ತನ್ನವರು ಪರರು ಎಂಬುದು ತಿಳಿಯುವುದಿಲ್ಲ. ಹಾಗಾದರೆ ಮರ ಏಕೆ ಸಾಯುವುದಿಲ್ಲವೆಂದು ನೀವು ಕೇಳಬಹುದು. ಚೀನಾದ ಕ್ಯಾಂಪ್ಟೊಥಿಕಾದಂತಹ ಗಿಡಗಳಲ್ಲಿ ಆ ಕಿಣ್ವದ ಒಂದು ಅಮೈನೋ ಆಮ್ಲ ಬದಲಾಗಿ, ತನ್ನ ವಿಷ ತನಗೆ ತಾಗದಂತೆ ಆಗಿದೆಯೆಂದು 2008ರಲ್ಲಿ ಪತ್ತೆಯಾಯಿತು. ನಮ್ಮ ಕಿಣ್ವದಲ್ಲಿ ಅಂತಹ ಏರ್ಪಾಡಿಲ್ಲ.

ಪ್ರಯೋಗಾಲಯದವರೇ ಇದರಲ್ಲಿ ಒಮ್ಮೆ ಎಡವಿದ್ದಾರೆ. ಶುದ್ಧ ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ 1970ರ ದಶಕದ ಆರಂಭದಲ್ಲಿ ಅದನ್ನು ಸೋಡಿಯಂ ಲವಣವಾಗಿಸಿ ರೋಗಿಗಳಿಗೆ ಕೊಟ್ಟು ನೋಡಿದರು. ಹಾಗೆ ಮಾಡಿದಾಗ ಅಣುವಿನ ಒಂದು ಉಂಗುರ ತೆರೆದುಕೊಂಡು ಗುಣ ಬಹುಮಟ್ಟಿಗೆ ಹೊರಟುಹೋಗುತ್ತದೆ. ಆಮ್ಲೀಯವಾದ ಮೂತ್ರದಲ್ಲಿ ಅದೇ ಉಂಗುರ ಮತ್ತೆ ಮುಚ್ಚಿ, ಗಡ್ಡೆಗೆ ತಾಗಬೇಕಾದ ವಿಷ ಮೂತ್ರಕೋಶದಲ್ಲಿ ಜೀವ ಪಡೆದು ರಕ್ತಸ್ರಾವವಾಗುತ್ತದೆ. ಪ್ರಯೋಗ ನಿಂತಿತು. 1985ರಲ್ಲಿ ಕಿಣ್ವದ ಗುಟ್ಟು ತಿಳಿದ ಮೇಲೆಯೇ ಆಸಕ್ತಿ ಮರಳಿದ್ದು. ಅಣುವನ್ನು ಅಷ್ಟಿಷ್ಟು ಬದಲಿಸಿ ತಯಾರಿಸಿದ ಇರಿನೊಟಿಕಾನ್ 1994ರಲ್ಲಿ ಜಪಾನಿನಲ್ಲಿ, 1996ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಅಂಡಾಶಯದ ಕ್ಯಾನ್ಸರಿಗೆ ಕೊಡುವ ಟೊಪೊಟಿಕಾನ್ ಕೂಡ ಅದೇ ವರ್ಷ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇರಿನೊಟಿಕಾನನ್ನು ರೂಪಿಸಿದ್ದು ಯಾಕುಲ್ಟ್ ಕಂಪನಿ. ಪುಟ್ಟ ಬಾಟಲಿಯಲ್ಲಿ ಹುಳಿಹಾಲು ಮಾರುವ ಅದೇ ಯಾಕುಲ್ಟ್. ಈಗಲೂ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಇದನ್ನು ಕೊಡುವಾಗ ರಕ್ತದ ಬಿಳಿಕಣಗಳನ್ನು ಎಣಿಸುತ್ತಾ, ಭೇದಿಗೆ ಮದ್ದು ಸಿದ್ಧವಿಟ್ಟುಕೊಂಡು, ಕೆಲವರಲ್ಲಿ ಜೀನ್ ಪರೀಕ್ಷೆಯನ್ನೂ ಮಾಡಿಸಿ ಪ್ರಮಾಣ ನಿಗದಿ ಮಾಡುತ್ತಾರೆ. ಒಂದು ಚೊಂಬು ಕಷಾಯದಲ್ಲಿ ಎಷ್ಟು ಮಿಲಿಗ್ರಾಂ ಇಳಿದಿದೆಯೆಂದು ಅಡುಗೆಮನೆಯಲ್ಲಿ ಅಳೆಯುವವರು ಯಾರು?

ಆ ಪ್ರಮಾಣ ಮರದಿಂದ ಮರಕ್ಕೆ ಬೇರೆ ಎಂಬುದನ್ನು ನಾನೇ ನೋಡಿದ್ದೇನೆ. ನಮ್ಮ ಕೆಲಸವೆಂದರೆ ಮರಕ್ಕೆ ತಗಡಿನ ಸಂಖ್ಯೆ ಹೊಡೆದು, ಎದೆಮಟ್ಟದಲ್ಲಿ ಹೆಬ್ಬೆರಳುಗುರಿನಷ್ಟು ತೊಗಟೆಯನ್ನು ಉಳಿಯಿಂದ ಎತ್ತಿ, ಕಾಗದದ ಲಕೋಟೆಗೆ ಹಾಕಿ, ಗಾಯಕ್ಕೆ ಸೆಗಣಿ ಮೆತ್ತಿ ಮುಂದಕ್ಕೆ ಹೋಗುವುದು. ಸೆಗಣಿಯ ಸಲಹೆ ಊರಿನವರದು. ಲಕೋಟೆಯ ಮೇಲೆ ಪೆನ್ನಿನಲ್ಲಿ ಬರೆದರೆ ಮಳೆಗೆ ಅಳಿಸುತ್ತದೆಂದು ಪೆನ್ಸಿಲಿನಲ್ಲೇ ಬರೆಯುತ್ತಿದ್ದೆವು. ಆ ಲಕೋಟೆಗಳಲ್ಲಿ ಎಷ್ಟೋ ಉಂಬಳಗಳೂ (ಜಿಗಣೆಗಳೂ) ಬೆಂಗಳೂರಿನವರೆಗೆ ಪ್ರಯಾಣ ಮಾಡಿವೆ. ಫಲಿತಾಂಶ ಬಂದಾಗ, ಹತ್ತು ಮಾರು ಅಂತರದ ಎರಡು ಮರಗಳಲ್ಲಿ ಒಂದರಲ್ಲಿ ಇನ್ನೊಂದರ ಹಲವು ಪಟ್ಟು ಕ್ಯಾಂಪ್ಟೊಥೆಸಿನ್ ಇತ್ತು. ಹೊರಗಿನಿಂದ ನೋಡಿ ಯಾರಿಗೂ ಹೇಳಲಾಗದ ವ್ಯತ್ಯಾಸ ಅದು. ಒಣ ತೊಗಟೆಯಲ್ಲಿ ಶೇಕಡಾ 0.3ರಷ್ಟು ಇದೆಯೆಂದು ಲೆಕ್ಕ ಹಿಡಿದರೂ ಒಂದು ಕಿಲೋ ತೆಗೆಯಲು ಮುನ್ನೂರು ಕಿಲೋಗಿಂತ ಹೆಚ್ಚು ಒಣ ತೊಗಟೆ ಬೇಕು. ಕೊಳ್ಳುವವರು ಹೆಬ್ಬೆರಳುಗುರಿನಷ್ಟು ಎತ್ತುವುದಿಲ್ಲ, ಬುಡಸಮೇತ ಕೀಳುತ್ತಾರೆ. 1990ರ ದಶಕದಿಂದ ಘಟ್ಟದುದ್ದಕ್ಕೂ ಹಾಗೆಯೇ ನಡೆದು, ಎಷ್ಟೋ ಕಾನುಗಳಲ್ಲಿ ಈ ಮರ ವಿರಳವಾಯಿತು, ಅಪಾಯದಂಚಿನ ಸಸ್ಯಗಳ ಪಟ್ಟಿಗೂ ಸೇರಿತು. ಇದರಲ್ಲಿ ಗಂಡು ಮರ, ಹೆಣ್ಣು ಮರ, ಎರಡೂ ಬಗೆಯ ಹೂವಿನ ಮರ ಎಂದು ಬೇರೆ ಬೇರೆ ಇರುವುದರಿಂದ, ಒಂದು ಬೆಟ್ಟದಲ್ಲಿ ನಾಲ್ಕು ಮರ ಉಳಿದವೆಂದು ಸಮಾಧಾನ ಪಡುವಂತಿಲ್ಲ. ಆ ನಾಲ್ಕೂ ಗಂಡಾದರೆ ಮುಂದಿನ ಪೀಳಿಗೆ ಅಲ್ಲಿಗೆ ಮುಗಿಯಿತು.

ಮರವನ್ನು ಮುಟ್ಟದೆ ಔಷಧಿ ಪಡೆಯುವ ದಾರಿಯನ್ನೂ ಸಂಶೋಧಕರು ಹುಡುಕಿದ್ದಾರೆ. 2005ರಲ್ಲಿ ಜಮ್ಮುವಿನ ತಂಡವೊಂದು ಈ ಮರದೊಳಗೆ ವಾಸಿಸುವ ಶಿಲೀಂಧ್ರವೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದು ಪ್ರಕಟಿಸಿದಾಗ ನಾವೆಲ್ಲ ಹಿಗ್ಗಿದ್ದೆವು. ಬೂಸ್ಟನ್ನು ಪೀಪಾಯಿಯಲ್ಲಿ ಬೆಳೆಸಿದರಾಯಿತಲ್ಲ! ಆದರೆ ಪ್ರಯೋಗಾಲಯದಲ್ಲಿ ತಲೆಮಾರು ಕಳೆದಂತೆ ಶಿಲೀಂಧ್ರದ ಆ ಶಕ್ತಿ ಕುಂದುತ್ತದೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದರು. ತವರು ಬಿಟ್ಟ ಮೇಲೆ ಅದಕ್ಕೆ ಕಸುಬು ಮರೆಯುತ್ತದೆ.

ಇನ್ನು ಜನರಿಗೆ ಏನು ಸಿಕ್ಕಿತು ಎಂಬ ನಿಮ್ಮ ಮಾತು. ದಕ್ಷಿಣದ ಅಗಸ್ತ್ಯಮಲೆಯಲ್ಲಿ ಒಂದು ಉದಾಹರಣೆಯಿದೆ. 1987ರಲ್ಲಿ ಅಲ್ಲಿಗೆ ಹೋದ ಸಸ್ಯವಿಜ್ಞಾನಿ ಪಿ. ಪುಷ್ಪಾಂಗದನ್ ಅವರ ತಂಡ, ದಾರಿ ತೋರಿಸಲು ಬಂದ ಕಾಣಿ ಬುಡಕಟ್ಟಿನವರು ದಣಿವಾರಿಸಿಕೊಳ್ಳಲು ತಿನ್ನುತ್ತಿದ್ದ ಆರೋಗ್ಯಪಚ್ಚ ಎಂಬ ಗಿಡದ ಕಾಯನ್ನು ಗಮನಿಸಿತು. ಅದರಿಂದ ರೂಪಿಸಿದ ‘ಜೀವನಿ’ ಎಂಬ ಪುಡಿಯ ಪರವಾನಗಿ ಹಣದಲ್ಲೂ ಶೇಕಡಾ 2ರ ರಾಯಧನದಲ್ಲೂ ಅರ್ಧವನ್ನು ಕಾಣಿಗಳಿಗೆ ಕೊಡುವ ಒಪ್ಪಂದವಾಗಿ, 1997ರಲ್ಲಿ ಅವರದೇ ಟ್ರಸ್ಟ್ ನೋಂದಣಿಯಾಯಿತು. ಆಮೇಲೆ ಕಾಡಿನ ಗಿಡದ ಎಲೆ ಕೀಳುವುದಕ್ಕೆ ಅರಣ್ಯ ಇಲಾಖೆಯ ಆಕ್ಷೇಪ ಬಂದು ಪೂರೈಕೆ ಕುಂಟಿತಾದರೂ, ಹಂಚಿಕೊಳ್ಳುವುದು ಸಾಧ್ಯ ಎಂದು ತೋರಿಸಿದ್ದು ದೊಡ್ಡದೇ. ದುರ್ವಾಸನೆ ಮರದ ವಿಷಯದಲ್ಲಿ ಹಂಚಲು ಯಾರ ಜ್ಞಾನವೂ ಇರಲಿಲ್ಲ. ಇದ್ದದ್ದು ಮರ ಮಾತ್ರ, ಅದನ್ನು ತೂಕಕ್ಕೆ ಹಾಕಿದರು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಒಂದು ಜನವರಿಯಲ್ಲಿ ನಾವು ಗುರುತು ಮಾಡಿದ್ದ ಕಾನಿನ ಅಂಚಿನಲ್ಲಿ ಒಂದು ಮುಶಿಯ (ಕಪ್ಪು ಮೂತಿಯ ಮಂಗ) ಸತ್ತು ಬಿದ್ದಿತ್ತು. ಊರಿನವರು ದೂರದಿಂದಲೇ ಕೂಗಿ ನಮ್ಮನ್ನು ವಾಪಸು ಕಳಿಸಿದರು, ಆ ಸಾಲಿನ ಕೆಲಸ ಅಲ್ಲಿಗೇ ನಿಂತಿತು. ಮಂಗನ ಕಾಯಿಲೆಯ ವಿಷಯ ನಿಮಗೆ ನಾನು ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಹಳದಿ ಜ್ವರವೇ ಭಾರತಕ್ಕೆ ಬಂತೆಂದು ಶಂಕಿಸಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಕಾಡು ಕಡಿದು, ಅಂಚಿನಲ್ಲಿ ಪೊದೆ ಬೆಳೆದು, ದನ ಮೇಯತೊಡಗಿದಲ್ಲಿ ಉಣುಗು ಹೆಚ್ಚುತ್ತದೆಂಬುದನ್ನು ಕಳೆದ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಸೋಂಕು ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇಷ್ಟಾದರೂ ಈ ಕಾಯಿಲೆಗೆಂದೇ ಒಂದು ಮಾತ್ರೆಯಿಲ್ಲ, ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತುಹೋಯಿತು. ಪ್ರಪಂಚದ ಕರುಳಿನ ಕ್ಯಾನ್ಸರಿಗೆ ಮದ್ದಿನ ಕಚ್ಚಾವಸ್ತು ಕೊಟ್ಟ ಅದೇ ಕಾನಿನ ಅಂಚಿನಲ್ಲಿ, ಸೊಪ್ಪಿಗೆ ಹೋಗುವ ಹೆಂಗಸಿಗೆ ಸಿಗುವುದು ಉಣುಗು ಹತ್ತದಂತೆ ಕೈಕಾಲಿಗೆ ಸವರಿಕೊಳ್ಳುವ ಒಂದು ಬಾಟಲಿ ಎಣ್ಣೆ. ಸಂಶೋಧನೆ ಜನರಿಗೆ ಏನು ಕೊಟ್ಟಿತೆಂದು ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಮಾರಾಟವಾಗುವ ರೋಗಕ್ಕೆ ಮೊದಲ ಸರದಿ ಸಿಕ್ಕಿದೆ ಎಂಬುದು ನನ್ನ ಅನಿಸಿಕೆ.

ಮಾರಾಟದ ವಿಷಯ. ಸೊಪ್ಪಿನ ಬೆಟ್ಟ ಅಡಿಕೆ ತೋಟದ ಗೊಬ್ಬರಕ್ಕೆಂದು, ಎಕರೆಗೆ ಒಂಬತ್ತು ಎಕರೆಯ ಲೆಕ್ಕದಲ್ಲಿ ಬಿಟ್ಟುಕೊಟ್ಟ ಅರಣ್ಯ ಭೂಮಿ. ಸೊಪ್ಪು ದರಕಿನ (ಒಣ ಎಲೆಯ) ಸವಲತ್ತು ನಿಮ್ಮದು, ಮರ ಬುಡಸಮೇತ ಕಿತ್ತು ಮಾರುವ ಹಕ್ಕು ನಿಮ್ಮದಲ್ಲ. ಸಿಕ್ಕಿಬಿದ್ದರೆ ಬೆಲೆ ಕಟ್ಟಲು ಬಂದವನು ಅಲ್ಲಿರುವುದಿಲ್ಲ, ನೀವಿರುತ್ತೀರಿ. ವಾಣಿಜ್ಯಕ್ಕೆ ಜೈವಿಕ ಸಂಪನ್ಮೂಲ ಒಯ್ಯುವವರಿಗೆ 2002ರ ಜೀವವೈವಿಧ್ಯ ಕಾಯ್ದೆಯೂ ಅನ್ವಯಿಸುತ್ತದೆ, ಆದ್ದರಿಂದ ಅವನು ಮತ್ತೆ ಬಂದರೆ ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿ.

ಅದರ ಬದಲು ಹೂ ಬಿಟ್ಟಾಗ ನಿಮ್ಮ ಬೆಟ್ಟದಲ್ಲಿ ಯಾವ್ಯಾವ ಮರ ಕಾಯಿ ಕಟ್ಟುತ್ತದೆಂದು ಗುರುತು ಹಾಕಿಡಿ. ಮಳೆಗಾಲ ಕಳೆದ ಮೇಲೆ ನೇರಳೆ ಬಣ್ಣದ ಹಣ್ಣು ಉದುರತೊಡಗಿದಾಗ ಹೆಕ್ಕಿ, ತಿರುಳು ತೊಳೆದು, ನೆರಳಿನಲ್ಲಿ ಆರಿಸಿ ಬಿತ್ತಿ. ಬೀಜ ಹುಟ್ಟಲು ತಡವಾಗುತ್ತದೆ, ಬಿತ್ತಿದ ತೊಟ್ಟೆಯನ್ನು (ಪ್ಲಾಸ್ಟಿಕ್ ಚೀಲವನ್ನು) ಬೇಗ ಬಿಸಾಡಬೇಡಿ. ಗಂಡೋ ಹೆಣ್ಣೋ ಸಸಿಯಲ್ಲಿ ತಿಳಿಯದ ಕಾರಣ ಒಂದೆರಡಲ್ಲ, ಒಂದಿಪ್ಪತ್ತಾದರೂ ಒಟ್ಟಿಗೆ ನೆಡಿ, ಆದರೆ ಮನೆಯ ಅಂಗಳದಿಂದ ಸ್ವಲ್ಪ ದೂರ.