ಅಮೆರಿಕದ ಸೇನೆಯಲ್ಲಿದ್ದ ನನ್ನ ತಂಗಿಗೆ ಈಗ 34. ನಲವತ್ತು ತುಂಬುವ ಮೊದಲೇ ವಿಎ ಮ್ಯಾಮೊಗ್ರಾಂ ಮಾಡಿಕೊಡುತ್ತದೆಯೇ?

ಮಾಡಿಕೊಡಬಹುದು. ಆದರೆ "ಕಾನೂನು ಬಂದಿದೆ, ಹೋಗಿ ನಿಂತರೆ ಸಾಕು" ಎಂದು ನಿಮಗೆ ಯಾರೋ ಹೇಳಿದ್ದಾರಲ್ಲ, ಅದು ಅರ್ಧ ನಿಜ. ನಾನು ಟೆಕ್ಸಾಸ್‌ನಲ್ಲಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌-ರೇ, ತೆಗೆಯುವವಳು. ನಮ್ಮದು ಖಾಸಗಿ ಕೇಂದ್ರ. ಮಾಜಿ ಸೈನಿಕರ ಇಲಾಖೆ, ಅದೇ ವಿಎ, ತನ್ನಲ್ಲಿ ಯಂತ್ರ ಇಲ್ಲದ ಕಡೆ ನಮ್ಮಂಥವರಿಗೆ ಬರೆದು ಕಳಿಸುತ್ತದೆ. ಹಾಗಾಗಿ ನಿಮ್ಮ ತಂಗಿಯ ವಯಸ್ಸಿನವರು ನನ್ನ ಮುಂದೆ ಆಗಾಗ ಬಂದು ನಿಲ್ಲುತ್ತಾರೆ.

ನಿಮ್ಮ ತಂಗಿ 2013ರಲ್ಲಿ ಒಂಬತ್ತು ತಿಂಗಳು ಕುವೈತ್‌ನಲ್ಲಿದ್ದಳು, ಮನೆತನದಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ, ಎದೆಯಲ್ಲಿ ಗಂಟು, ನೋವು ಏನೂ ಇಲ್ಲ ಎಂದು ಬರೆದಿದ್ದೀರಿ. ಹಿಂದಿನ ಲೆಕ್ಕದಲ್ಲಿ ಇಂಥವಳನ್ನು "ನಲವತ್ತಾದ ಮೇಲೆ ಬಾಮ್ಮ" ಎಂದು ಕಳಿಸಿಬಿಡುತ್ತಿದ್ದರು. ಅದು ಬದಲಾದದ್ದು ಕೇಟ್ ಹೆಂಡ್ರಿಕ್ಸ್ ಥಾಮಸ್ ಎಂಬಾಕೆಯಿಂದ. ಮರೀನ್ ಪಡೆಯ ಅಧಿಕಾರಿ, 2005ರಲ್ಲಿ ಇರಾಕಿನ ಫಲೂಜಾದಲ್ಲಿದ್ದವರು. ಸೇನೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, 2018ರಲ್ಲಿ, 38ನೇ ವಯಸ್ಸಿಗೆ ಮೊದಲ ಮ್ಯಾಮೊಗ್ರಾಂ. ಯಾವ ಲಕ್ಷಣವೂ ಇರಲಿಲ್ಲ. ಸಿಕ್ಕಿದ್ದು ನಾಲ್ಕನೇ ಹಂತದ ಕ್ಯಾನ್ಸರ್. ಆಮೇಲಿನ ವರ್ಷಗಳನ್ನು ಆಕೆ ಈ ಕಾನೂನಿಗಾಗಿ ಓಡಾಡುತ್ತ ಕಳೆದರು. 2022ರ ಏಪ್ರಿಲ್ 5ರಂದು, 42ನೇ ವಯಸ್ಸಿಗೆ ತೀರಿಕೊಂಡರು. ಅವರ ಹೆಸರಿನ ಸರ್ವೀಸ್ ಕಾಯ್ದೆಗೆ ಆಗಿನ ಅಧ್ಯಕ್ಷ ಬೈಡನ್ ಸಹಿ ಬಿದ್ದದ್ದು ಜೂನ್ 7ಕ್ಕೆ. ಎರಡೇ ಎರಡು ತಿಂಗಳು. ನನಗೆ ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಕಾಯ್ದೆಯ ತಿರುಳು ಇಷ್ಟು: ಇರಾಕ್, ಕುವೈತ್, ಅಫ್ಘಾನಿಸ್ತಾನದಂಥ ಕಡೆ ಕೆಲಸ ಮಾಡಿದವರಿಗೆ ವಯಸ್ಸು, ಲಕ್ಷಣ, ಮನೆತನದ ಇತಿಹಾಸ ಯಾವುದನ್ನೂ ಅಡ್ಡ ತರದೆ ಸ್ತನ ಕ್ಯಾನ್ಸರ್ ತಪಾಸಣೆಯ ದಾರಿ ತೆರೆದಿರಬೇಕು. ಕಾರಣ ಅಲ್ಲಿನ ಸುಡುಗುಂಡಿಗಳು. ಪ್ಲಾಸ್ಟಿಕ್, ಟೈರು, ಬ್ಯಾಟರಿ, ಆಸ್ಪತ್ರೆಯ ಕಸ ಎಲ್ಲವನ್ನೂ ಬಯಲಲ್ಲಿ ಗುಂಡಿಗೆ ಸುರಿದು ವಿಮಾನದ ಇಂಧನ ಹಾಕಿ ಹಚ್ಚುತ್ತಿದ್ದರು. ಇರಾಕಿನ ಬಲದ್ ನೆಲೆಯ ಗುಂಡಿಯೊಂದೇ ಸುಮಾರು 10 ಎಕರೆ. ನಮ್ಮೂರ ಕಡೆ ಅಷ್ಟು ಜಮೀನಿದ್ದರೆ ಒಂದು ಸಂಸಾರ ಬದುಕುತ್ತದೆ. ಈ ಹೊಗೆಯಿಂದಲೇ ನನಗೆ ಕ್ಯಾನ್ಸರ್ ಬಂತು ಎಂದು ಸಾಬೀತು ಮಾಡುವ ಹೊರೆಯನ್ನು ತಪಾಸಣೆಗೆ ಬಂದವಳ ತಲೆಗೆ ಕಟ್ಟಿಲ್ಲ ನೋಡಿ, ಕಾಯ್ದೆಯಲ್ಲಿ ನನಗೆ ಇಷ್ಟವಾದದ್ದು ಅದು. ಎಲ್ಲಿದ್ದೆ, ಯಾವಾಗ ಇದ್ದೆ, ಅಷ್ಟೇ ಪ್ರಶ್ನೆ.

ಅರ್ಧ ನಿಜ ಎಂದೆನಲ್ಲ, ಇನ್ನು ಆ ಉಳಿದರ್ಧ. ನಲವತ್ತರ ಒಳಗಿನವರಿಗೆ ವಿಎ ಮೊದಲು ಮಾಡುವುದು ಅಪಾಯದ ಅಂದಾಜು. ಮುಟ್ಟಾದ ವಯಸ್ಸು, ಹೆರಿಗೆ, ಹಿಂದಿನ ಬಯಾಪ್ಸಿ, ಸೇವೆ ಮಾಡಿದ ಜಾಗ ಎಲ್ಲ ಕೇಳುತ್ತಾರೆ. ವೈದ್ಯರಿಗೆ ಸರಿ ಎನಿಸಿದರೆ ಮ್ಯಾಮೊಗ್ರಾಂ. ಇದನ್ನು ಕೇಳಿ ಕೆಲವರು "ಮತ್ತೆ ತಪ್ಪಿಸಿಕೊಳ್ಳೋ ದಾರಿ" ಎನ್ನುತ್ತಾರೆ. ನಾನು ಹಾಗನ್ನಲಾರೆ. ಮೂವತ್ತರ ಆಸುಪಾಸಿನ ಸ್ತನದಲ್ಲಿ ಅಂಗಾಂಶ ದಟ್ಟ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಗಂಟೂ ಬಿಳಿಯೇ. ಮಂಜಿನಲ್ಲಿ ಬಿಳಿ ಹಸು ಹುಡುಕಿದ ಹಾಗೆ. ಅದಕ್ಕೇ ಕೆಲವರಿಗೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಹೇಳುತ್ತಾರೆ. ಅದೇ ದಿನ ಸಹಿಯಾದ ಇನ್ನೊಂದು ಕಾಯ್ದೆ, ಮ್ಯಾಮೊ ಕಾಯ್ದೆ, ವಿಎ ಆಸ್ಪತ್ರೆಗಳ ಯಂತ್ರಗಳನ್ನು 3ಡಿಗೆ ಏರಿಸಲು ಹೇಳಿತು. ಅದರಲ್ಲಿ ಕ್ಯಾಮೆರಾದ ತೋಳು ಕಮಾನಿನಂತೆ ಸರಿಯುತ್ತ ಪದರ ಪದರವಾಗಿ ಚಿತ್ರ ತೆಗೆಯುತ್ತದೆ. ದಟ್ಟ ಅಂಗಾಂಶ ಇದ್ದವರಿಗೆ ಇದರಿಂದ ಅನುಕೂಲ, ಆದರೂ ಮಂಜು ಪೂರ್ತಿ ಕರಗುವುದಿಲ್ಲ.

ತಂಗಿಗೆ ಹೇಳಿ: ಮೊದಲು ವಿಎ ಆರೋಗ್ಯ ಸೇವೆಯಲ್ಲಿ ಹೆಸರು ನೋಂದಣಿ ಆಗಿರಬೇಕು. ಪ್ರತಿ ವಿಎ ಆಸ್ಪತ್ರೆಯಲ್ಲೂ ಮಾಜಿ ಸೈನಿಕ ಮಹಿಳೆಯರ ವಿಷಯ ನೋಡಿಕೊಳ್ಳುವ ಒಬ್ಬ ಮ್ಯಾನೇಜರ್ ಇರುತ್ತಾರೆ, ಅವರನ್ನೇ ಹಿಡಿಯಲಿ. "ನಾನು ಕುವೈತ್‌ನಲ್ಲಿದ್ದೆ, ಸರ್ವೀಸ್ ಕಾಯ್ದೆ ಪ್ರಕಾರ ಅಂದಾಜು ಮಾಡಿಸಬೇಕು" ಎಂದು ಬಾಯಿಬಿಟ್ಟು ಕೇಳಲಿ. ನಮ್ಮ ಹೆಣ್ಣುಮಕ್ಕಳು ಕುವೈತ್‌ನ ಬಿಸಿಲು, ಊಟ, ಧೂಳು ಎಲ್ಲ ಹೇಳುತ್ತಾರೆ. ಎದೆಯ ಮಾತು ಬಂದರೆ ದನಿ ತಗ್ಗುತ್ತದೆ. ನಾನೂ ಹಾಗೇ ಇದ್ದೆ. ನನ್ನ ಮೊದಲ ಮ್ಯಾಮೊಗ್ರಾಂ ಅನ್ನು, ಈ ಕೆಲಸದಲ್ಲೇ ಇದ್ದುಕೊಂಡು, ಒಂದೂವರೆ ವರ್ಷ ಮುಂದೂಡಿದ್ದೆ.

ಮ್ಯಾಮೊಗ್ರಾಂ ದಿನ ಆರಿಸಿಕೊಳ್ಳಲು ಬಿಟ್ಟರೆ ಮುಟ್ಟು ಮುಗಿದ ಮರುವಾರಕ್ಕೆ ಇಟ್ಟುಕೊಳ್ಳಲಿ, ಯಂತ್ರ ಸ್ತನವನ್ನು ಒತ್ತಿದಾಗ ನೋವು ಕಡಿಮೆ. ಅವತ್ತು ಕಂಕುಳಿಗೆ ಡಿಯೋಡರೆಂಟ್, ಪೌಡರ್ ಬೇಡ. ಅದರ ಕಣಗಳು ಚಿತ್ರದಲ್ಲಿ, ಕ್ಯಾನ್ಸರ್‌ನ ಸೂಚನೆ ಇರಬಹುದಾದ ಸುಣ್ಣದ (ಕ್ಯಾಲ್ಸಿಯಂ) ಚುಕ್ಕೆಯ ಹಾಗೆ ಕಂಡು ಸುಮ್ಮನೆ ಎರಡನೇ ಸಲ ಕರೆಸಬೇಕಾಗುತ್ತದೆ.

ಒಂದು ವೇಳೆ ನಾಳೆಯೇ ಕೈಗೆ ಗಂಟು ಸಿಕ್ಕಿತೆನ್ನಿ, ಮೇಲೆ ಬರೆದದ್ದೆಲ್ಲ ಬದಿಗಿರಲಿ. ಆಗ ಅದು ತಪಾಸಣೆಯಲ್ಲ, ರೋಗ ಪತ್ತೆಯ ಪರೀಕ್ಷೆ. ಯಾವ ದೇಶದಲ್ಲಿದ್ದೆ, ವಯಸ್ಸೆಷ್ಟು ಎಂಬ ಲೆಕ್ಕವೇ ಅಲ್ಲಿಲ್ಲ. ಫೋನ್ ಮಾಡಿ "ಗಂಟು ಸಿಕ್ಕಿದೆ" ಎಂಬ ಪದವನ್ನೇ ಮೊದಲು ಹೇಳಲಿ.