ನಿಮ್ಮ ಲೇಖನದಲ್ಲಿ ಗುಲಾಮರು ಎಲ್ಲಿದ್ದಾರೆ?

ಪ್ರಿಯ ಲೇಖಕರೇ,

ಅಮೆರಿಕದ ಅಂತರ್ಯುದ್ಧದ ಕಾರಣಗಳನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು ಎಂದು ನೇರವಾಗಿಯೇ ತಿಳಿಸುತ್ತೇನೆ. ಭಾಷೆ ಸ್ವಚ್ಛವಾಗಿದೆ, ಗುಲಾಮಗಿರಿ ಎಲ್ಲಿಯವರೆಗೆ ಹಬ್ಬಬಹುದೆಂದು ಗೆರೆ ಎಳೆದ 1820ರ ಮಿಸೌರಿ ಒಪ್ಪಂದದಿಂದ, 1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ದಾಳಿ ನಡೆದು ಯುದ್ಧ ಆರಂಭವಾಗುವವರೆಗಿನ ಇಸವಿಗಳೂ ಸರಿಯಾಗಿವೆ. ಆದರೆ ಆ ಹೊತ್ತಿಗೆ ಸುಮಾರು 40 ಲಕ್ಷದಷ್ಟಿದ್ದ ಗುಲಾಮರಲ್ಲಿ ಒಬ್ಬರೂ ನಿಮ್ಮ ಲೇಖನದಲ್ಲಿ ಏನನ್ನೂ ಮಾಡುವುದಿಲ್ಲ. ‘ಗುಲಾಮಗಿರಿಯ ಪ್ರಶ್ನೆ ದಿನೇ ದಿನೇ ಉಲ್ಬಣಿಸಿತು’ ಎಂದು ಬರೆದಿದ್ದೀರಿ. ಅದು ತಾನಾಗಿ ಉಲ್ಬಣಿಸಲಿಲ್ಲ. ಒಡೆಯರಿಂದ ತಪ್ಪಿಸಿಕೊಂಡು ಉತ್ತರಕ್ಕೆ ಬಂದವರು, ಅದುವರೆಗೆ ಸುಮ್ಮನಿದ್ದ ಊರುಗಳ ಮನೆಬಾಗಿಲಿಗೆ ಅದನ್ನು ತಂದು ನಿಲ್ಲಿಸಿದರು.

ಆಂಥನಿ ಬರ್ನ್ಸ್ ಪ್ರಸಂಗವನ್ನೇ ನೋಡಿ. ಇಪ್ಪತ್ತರ ಆಸುಪಾಸಿನ ಈ ಯುವಕ ವರ್ಜೀನಿಯಾದಿಂದ ಹಡಗಿನಲ್ಲಿ ಅಡಗಿ ಬಾಸ್ಟನ್ ಸೇರಿ, ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಸಹೋದರನಿಗೆ ಬರೆದ ಕಾಗದ ಒಡೆಯನ ಕೈಗೆ ಸಿಕ್ಕಿ ಅವನ ಠಿಕಾಣಿ ಬಯಲಾಯಿತು. 1854ರ ಮೇ 24ರಂದು ಕಳ್ಳತನದ ಸುಳ್ಳು ನೆಪ ಹೂಡಿ ಅವನನ್ನು ಹಿಡಿದರು. 1850ರ ಪಲಾಯಿತ ಗುಲಾಮರ ಕಾಯ್ದೆಯಡಿ ಅವನಿಗೆ ಜ್ಯೂರಿ ವಿಚಾರಣೆಯಿರಲಿಲ್ಲ, ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಹಕ್ಕೂ ಇರಲಿಲ್ಲ. ತೀರ್ಪು ಕೊಡುವ ಕಮಿಷನರಿಗೆ ಮಾತ್ರ ಬಂಧಿತನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್, ಬಿಡುಗಡೆ ಮಾಡಿದರೆ 5 ಡಾಲರ್ ಶುಲ್ಕ ಸಿಗುತ್ತಿತ್ತು. ಜೂನ್ 2ರಂದು, ಕಟ್ಟಡಗಳಿಂದ ಕಪ್ಪು ಬಟ್ಟೆ ಇಳಿಬಿಟ್ಟಿದ್ದ ಬೀದಿಯಲ್ಲಿ ಸಾವಿರಾರು ಜನ ಧಿಕ್ಕಾರ ಕೂಗುತ್ತಿರುವಾಗಲೇ, ಸೈನಿಕರು ಅವನನ್ನು ಬಂದರಿಗೆ ನಡೆಸಿಕೊಂಡು ಹೋದರು.

ಅದೇ ವಾರ, ಮೇ 30ರಂದು, ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದಿತ್ತು; ಆ ಎರಡು ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬುದನ್ನು ಅದು ಅಲ್ಲಿ ನೆಲೆಸುವವರಿಗೇ ಬಿಟ್ಟಿತು. ನೀವು ಈ ಕಾಯ್ದೆಗೆ ಎರಡು ಪುಟ ಕೊಟ್ಟಿದ್ದೀರಿ, ಬರ್ನ್ಸ್‌ನ ಹೆಸರನ್ನೇ ಎತ್ತಿಲ್ಲ. ಹೀಗಾಗಿ ಎರಡನ್ನೂ ಬೆಸೆಯುವ ಕೊಂಡಿ ನಿಮ್ಮ ಕೈತಪ್ಪಿದೆ. ಬಾಸ್ಟನ್ನಿನ ಬಟ್ಟೆ ಗಿರಣಿಗಳ ಮನೆತನಕ್ಕೆ ಸೇರಿದ ಏಮಸ್ ಲಾರೆನ್ಸ್ ಅದುವರೆಗೆ ದಕ್ಷಿಣದೊಡನೆ ರಾಜಿಯೇ ಲೇಸು ಎನ್ನುತ್ತಿದ್ದವರು. ಬರ್ನ್ಸ್ ಪ್ರಕರಣ ಅವರನ್ನು ಗುಲಾಮಗಿರಿಯ ಕಡುವಿರೋಧಿಯನ್ನಾಗಿ ಮಾಡಿತು. ಕಾನ್ಸಾಸಿಗೆ ವಲಸೆ ಹೊರಟ ಗುಲಾಮಗಿರಿ ವಿರೋಧಿಗಳಿಗೆ ಅವರು ಹಣ ಒದಗಿಸಿದರು. ಅಲ್ಲಿ ಅವರ ಹೆಸರಿನಲ್ಲೇ ಲಾರೆನ್ಸ್ ಪಟ್ಟಣ ಎದ್ದಿತು. 1856ರ ಮೇ 21ರಂದು ಗುಲಾಮಗಿರಿಯ ಪರವಾದ ಗುಂಪು ಅದನ್ನು ಲೂಟಿ ಮಾಡಿತು. ಇಷ್ಟನ್ನು ಕ್ರಮವಾಗಿ ಹೇಳಿದರೆ ಓದುಗನಿಗೆ ಕಾರಣ ಕಣ್ಣಿಗೆ ಕಾಣುತ್ತದೆ.

ಇನ್ನು, ದಕ್ಷಿಣ ಹೋರಾಡಿದ್ದು ಗುಲಾಮಗಿರಿಗಾಗಿ ಅಲ್ಲ, ಕೇಂದ್ರದ ಎದುರು ‘ರಾಜ್ಯಗಳ ಹಕ್ಕಿ’ಗಾಗಿ ಎಂಬ ನಿಮ್ಮ ಮುಖ್ಯ ವಾದ. ಇದನ್ನು ನಾನು ಒಪ್ಪಲಾರೆ. ಉತ್ತರದ ರಾಜ್ಯಗಳು ಇಷ್ಟಪಡಲಿ ಬಿಡಲಿ, ಓಡಿಬಂದವರನ್ನು ಕೇಂದ್ರ ಸರ್ಕಾರ ಹಿಡಿದುಕೊಡಲೇಬೇಕೆಂದು ಹಠ ಹಿಡಿದದ್ದು ದಕ್ಷಿಣವೇ. 1860ರ ಡಿಸೆಂಬರಿನಲ್ಲಿ ಒಕ್ಕೂಟದಿಂದ ಮೊದಲು ಹೊರನಡೆದ ದಕ್ಷಿಣದ ರಾಜ್ಯ ಸೌತ್ ಕೆರೊಲಿನಾ ತನ್ನ ಘೋಷಣೆಯಲ್ಲಿ, ಓಡಿಹೋದವರನ್ನು ಹಿಂದಿರುಗಿಸದ ರಾಜ್ಯಗಳ ಹೆಸರು ಹಿಡಿದು ದೂರುತ್ತದೆ; ಗುಲಾಮರನ್ನು ಕರೆದುಕೊಂಡು ತನ್ನ ನೆಲದ ಮೂಲಕ ಹಾದುಹೋಗಲು ನ್ಯೂಯಾರ್ಕ್ ಬಿಡುತ್ತಿಲ್ಲವೆಂಬುದೂ ಅದರ ಆಕ್ಷೇಪ. ತನ್ನ ಗಡಿಯೊಳಗೆ ತನ್ನ ಕಾನೂನು ನಡೆಸುವ ನ್ಯೂಯಾರ್ಕಿನ ಹಕ್ಕನ್ನೇ ದೋಷವೆಂದ ದಾಖಲೆ ನಿಮ್ಮ ವಾದಕ್ಕೆ ಆಧಾರವಾಗುವುದು ಹೇಗೆ? ಮಿಸಿಸಿಪ್ಪಿಯ ಘೋಷಣೆ ಸುತ್ತಿಬಳಸದೆ, ತನ್ನ ನಿಲುವು ಗುಲಾಮಗಿರಿಯೊಡನೆ ಸಂಪೂರ್ಣವಾಗಿ ಒಂದಾಗಿದೆ ಎನ್ನುತ್ತದೆ. ಆಮದು ಸುಂಕವೇ ಯುದ್ಧಕ್ಕೆ ಕಾರಣವೆಂಬ ಮಾತು ಇದಕ್ಕಿಂತ ದುರ್ಬಲ: 1857ರಲ್ಲಿ ಸುಂಕ ಇಳಿದಿತ್ತು, ಅದನ್ನು ಏರಿಸಿದ ಮಾರಿಲ್ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಏಳು ರಾಜ್ಯಗಳು ಹೊರನಡೆದ ಮೇಲೆ, 1861ರ ಮಾರ್ಚಿನಲ್ಲಿ.

ಯುದ್ಧದಿಂದಾಗಿ ಅಮೆರಿಕದ ಹತ್ತಿಯ ಸರಬರಾಜು ಕುಸಿದು ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದದ್ದನ್ನು ಕೊನೆಯಲ್ಲಿ ಸೇರಿಸಿದ್ದೀರಿ. ಅದು ನಮ್ಮ ಓದುಗರು ತಿಳಿಯಬೇಕಾದ ಸಂಗತಿಯೇ ಹೌದು, ಆದರೆ ಅದು ಯುದ್ಧದ ಪರಿಣಾಮ; ಇಲ್ಲಿಂದ ತೆಗೆದು ಪ್ರತ್ಯೇಕ ಲೇಖನವಾಗಿ ಬರೆಯಿರಿ.

ಬರ್ನ್ಸ್‌ನ ಮುಂದಿನ ಬದುಕನ್ನೂ ಬಿಡಬೇಡಿ. ಬಾಸ್ಟನ್ನಿನ ಜನ ಹಣ ಕೂಡಿಸಿ 1855ರಲ್ಲಿ ಅವನನ್ನು ಬಿಡಿಸಿಕೊಂಡರು. ಅವನು ಓದಿ, ಕೆನಡಾದಲ್ಲಿ ಪಾದ್ರಿಯಾದ. ತಿದ್ದಿದ ಪ್ರತಿ ಬಂದ ಕೂಡಲೇ ಮತ್ತೆ ಮೊದಲಿನಿಂದ ಓದುತ್ತೇನೆ.

ಇಂತು,
ಸಂಪಾದಕ